ರೊಕ್ಕ ವರ್ಷಕ್ಕೊಮ್ಮೆ, ಬಿಲ್ ತಿಂಗಳಿಗೊಮ್ಮೆ

ಸಂಕ್ರಾಂತಿ ಮುಗಿದ ಮೇಲೆ ನಮ್ಮ ಕಲಬುರಗಿ ಕಡೆ ಜನರ ಕೈಯಲ್ಲಿ ಸ್ವಲ್ಪ ರೊಕ್ಕ ಓಡಾಡುತ್ತದೆ. ತೊಗರಿ ರಾಶಿ ಮುಗಿದು ಚೀಲಗಳು ಗಂಜ್‌ಗೆ ಬಂದಿರುತ್ತವೆ. ಸಾಲದವರಿಗೆ ಕೊಟ್ಟು, ಬೀಜ-ಗೊಬ್ಬರದ ಅಂಗಡಿಯ ಬಾಕಿ ತೀರಿಸಿ, ಉಳಿದಿದ್ದರಲ್ಲಿ ಮನೆಗೆ ಏನಾದರೂ ಒಂದು ಸಾಮಾನು ಬರುತ್ತದೆ. ಮೊದಲು ತಿಜೋರಿ ಬರುತ್ತಿತ್ತು, ಹೊಲಿಗೆ ಮಷೀನ್ ಬರುತ್ತಿತ್ತು. ಈಗ ಸ್ಮಾರ್ಟ್ ಟಿವಿ ಬರುತ್ತದೆ. ಜೇವರ್ಗಿ ಕಡೆಯ ನಮ್ಮ ಕಾಕಾ ಕೂಡ ಒಂದನ್ನು ತಂದರು. ಗೋಡೆಗೆ ಕೂರಿಸಲು ಬಂದ ಹುಡುಗ ನಾಲ್ಕು ಆ್ಯಪ್ ತೆರೆದು, ಮೊದಲ ತಿಂಗಳು ಎಲ್ಲಾ ಫುಕಟ್ ಎಂದು ಹೇಳಿ, ಕಾಕಾನ ಫೋನಿನಿಂದಲೇ ಒಪ್ಪಿಗೆ ಒತ್ತಿಸಿಕೊಂಡು ಹೋದ.

ಬೇಸಿಗೆ ಬರುವಷ್ಟರಲ್ಲಿ ಆ ಫೋನು ನನ್ನ ಮುಂದಿತ್ತು. "ತಮ್ಮಾ, ನಮಗ ರೊಕ್ಕ ಬರೋದು ವರ್ಷಕ್ಕೊಮ್ಮೆ. ಇವರು ತಿಂಗಳಾ ತಿಂಗಳಾ ಕೇಳ್ತಾರ. ಇದರ ಲೆಕ್ಕ ನನಗ ತಿಳಿವಲ್ದು, ನೀನಾ ನೋಡು" ಎಂದರು. ನಾನು ಶಾಲೆಯಲ್ಲಿ ಗಣಿತ ಕಲಿಸುವವನು. ಮನೆಯ ಲೆಕ್ಕವೆಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತದೆ.

ಕಾಕಾ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಿಂಗಳ ಚಂದಾ ಎನ್ನುವುದು ತಿಂಗಳ ಸಂಬಳದವರಿಗಾಗಿ ಮಾಡಿದ್ದು. ಒಂದನೇ ತಾರೀಖು ಸಂಬಳ ಬಿದ್ದರೆ ಐದನೇ ತಾರೀಖು ನೂರೈವತ್ತು ಹೋದರೂ ಗೊತ್ತಾಗುವುದಿಲ್ಲ. ಆದರೆ ತೊಗರಿ ನಂಬಿದ ಮನೆಗೆ ಜೂನ್, ಜುಲೈ, ಆಗಸ್ಟ್ ಅಂದರೆ ಬರೀ ಖರ್ಚಿನ ತಿಂಗಳುಗಳು. ಬಿತ್ತನೆ, ಕಳೆ, ಬೆಳೆಗೆ ಕೀಟದ ಎಣ್ಣೆ ಹೊಡೆಯುವುದು, ಮಕ್ಕಳ ಶಾಲೆ ಫೀ. ಆಗಲೂ ಆ ನೂರೈವತ್ತು ತಪ್ಪದೆ ಹೋಗುತ್ತದೆ.

ಎಷ್ಟು ಹೋಗುತ್ತದೆ ಎಂದು ಕೂತು ಕೂಡಿಸಿದೆವು. ಕೇಬಲ್ ಇದೆ. 2019ರಲ್ಲಿ ಕೇಬಲ್, ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸಂಸ್ಥೆ ಟ್ರಾಯ್ ಹೊಸ ನಿಯಮ ತಂದಾಗ 100 ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ ಗರಿಷ್ಠ 130 ರೂಪಾಯಿ ಎಂದು ಮಿತಿ ಹಾಕಿತ್ತು. ಅದಕ್ಕೆ 18% ಜಿಎಸ್‌ಟಿ ಸೇರಿ 153 ರೂಪಾಯಿ ಚಿಲ್ಲರೆ. ಇದು ಒಂದೇ ಒಂದು ಪೇ ಚಾನೆಲ್, ಅಂದರೆ ಬೇರೆ ದುಡ್ಡು ಕೊಟ್ಟು ನೋಡುವ ಚಾನೆಲ್, ಇಲ್ಲದ ಲೆಕ್ಕ. 2024ರಲ್ಲಿ ಆ ಮಿತಿಯನ್ನೂ ತೆಗೆದರು. ಅದರ ಮೇಲೆ ಕನ್ನಡದ ಎರಡು ಮೂರು ಪೇ ಚಾನೆಲ್, ಆಮೇಲೆ ಆ್ಯಪ್‌ಗಳು. ಎಲ್ಲಾ ಸೇರಿ ತಿಂಗಳಿಗೆ ಆರುನೂರು ಅಂತ ಹಿಡಿಯಿರಿ. ವರ್ಷಕ್ಕೆ 7,200. ತೊಗರಿಗೆ 2024-25ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550. ಅಂದರೆ ಹೆಚ್ಚು ಕಡಿಮೆ ಒಂದು ಕ್ವಿಂಟಲ್ ತೊಗರಿ ಟಿವಿ ನೋಡುವುದಕ್ಕೇ ಹೋಯಿತು. ಮಳೆ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಒಳ್ಳೆಯ ವರ್ಷ ಎನ್ನುವ ಊರು ನಮ್ಮದು. ಹೀಗೆ ತೊಗರಿಯಲ್ಲಿ ಹೇಳಿದಾಗಲೇ ಕಾಕಾ ನೆಟ್ಟಗೆ ಕೂತರು.

ಮೊದಲು ಮಾಡಿದ ಕೆಲಸ ಆಟೋಪೇ, ಅಂದರೆ ಖಾತೆಯಿಂದ ತಾನೇ ರೊಕ್ಕ ಕಡಿತವಾಗುವ ಒಪ್ಪಿಗೆ, ನಿಲ್ಲಿಸಿದ್ದು. ಯುಪಿಐ ಆ್ಯಪ್‌ನ ಪ್ರೊಫೈಲ್‌ನಲ್ಲಿ ಆಟೋಪೇ ಅಂತಲೇ ಒಂದು ಜಾಗ ಇರುತ್ತದೆ. ಅಲ್ಲಿ ಯಾರಿಗೆ, ಎಷ್ಟು, ಯಾವ ತಾರೀಖಿಗೆ ಎಂಬ ಪಟ್ಟಿ ಸಿಗುತ್ತದೆ. ಪ್ರತಿಯೊಂದನ್ನೂ ಅಲ್ಲೇ ರದ್ದು ಮಾಡಬಹುದು, ಯಾರಿಗೂ ಫೋನ್ ಮಾಡಿ ಕೇಳಿಕೊಳ್ಳಬೇಕಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹಣ ಕಡಿತವಾಗುವ 24 ಗಂಟೆ ಮೊದಲೇ ತಿಳಿಸಬೇಕು, ಮತ್ತು ಆ ಮೆಸೇಜ್ ಬರುತ್ತದೆ ಕೂಡ. ಆದರೆ ಕಾಕಾನ ಫೋನಿಗೆ ಅದು ಇಂಗ್ಲಿಷಿನಲ್ಲಿ ಬಂದಿತ್ತು. ಸಾಲದ ಆಫರ್, ರೀಚಾರ್ಜ್ ಆಫರ್‌ಗಳ ರಾಶಿಯ ನಡುವೆ ಅದನ್ನು ಓದುವವರು ಯಾರು? ಎಚ್ಚರಿಕೆ ಕೊಡುವುದಾದರೆ ಓದುವವರ ಭಾಷೆಯಲ್ಲಿ ಕೊಡಬೇಕು. ನನಗೆ ಈ ಮಾತಿನಲ್ಲಿ ಯಾವ ಅನುಮಾನವೂ ಇಲ್ಲ.

ಆಮೇಲೆ ಎದ್ದ ಪ್ರಶ್ನೆ, ಇದೆಲ್ಲ ಬಿಟ್ಟರೆ ನೋಡುವುದು ಏನು ಅಂತ. ಮನೆಯಲ್ಲಿ ಅಜ್ಜಿ ಇದ್ದಾರೆ, ಕಾಕು ಇದ್ದಾರೆ, ಕಾಲೇಜಿಗೆ ಹೋಗುವ ಹುಡುಗಿ, ಆರನೇ ಕ್ಲಾಸಿನ ಹುಡುಗ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 43-44 ಡಿಗ್ರಿಗೆ ಹೋಗುತ್ತದೆ. ಹನ್ನೊಂದರಿಂದ ಐದರವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆ ಹೊತ್ತಿನಲ್ಲಿ ಟಿವಿ ಬೇಕೇ ಬೇಕು. ಅದನ್ನು ಯಾಕೆ ನೋಡುತ್ತೀರಿ, ಪುಸ್ತಕ ಓದಿ ಎಂದು ಉಪದೇಶ ಮಾಡುವವರ ಜೊತೆ ನಾನಿಲ್ಲ. ಕೂಲಿ ಮಾಡಿ ಬಂದವರಿಗೆ, ರೊಟ್ಟಿ ಬಡಿದು ದಣಿದವರಿಗೆ ಎರಡು ತಾಸು ಒಳ್ಳೆಯದನ್ನು ನೋಡುವ ಹಕ್ಕಿದೆ. ನನ್ನ ಮಾತು ಇಷ್ಟೇ: ಅದಕ್ಕೆ ಕದಿಯಬೇಕಿಲ್ಲ, ಸಾಲ ಮಾಡಬೇಕಿಲ್ಲ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಈಗಿನ ಹುಡುಗರಿಗೆ ಇದು ಗೊತ್ತೇ ಇಲ್ಲ. ಬೆಂಗಳೂರಿಗಿಂತ ಮೊದಲು ಟಿವಿ ಬಂದದ್ದು ನಮ್ಮ ಕಡೆಯ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಒಂದು ದೊಡ್ಡ ಪ್ರಯೋಗ ನಡೆಸಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಬಳಸಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಮಳೆ ಕಡಿಮೆ, ಓದು ಕಡಿಮೆ, ದಾರಿ ಕಡಿಮೆ ಇದ್ದ ಜಾಗಗಳೇ ಅವರಿಗೆ ಬೇಕಿದ್ದವು.

ನಮ್ಮ ಸೋದರಮಾವ ಆಗ ಶಾಲೆ ಹುಡುಗ. ಶಾಲೆಯ ಮುಂದೆ ನಿಲ್ಲಿಸಿದ್ದ ಆ್ಯಂಟೆನಾದ ಬಗ್ಗೆ ಈಗಲೂ ಕೈ ಅಗಲಿಸಿ ಹೇಳುತ್ತಾರೆ. ಮೂರು ಮೀಟರ್ ಅಗಲದ ಕೊಡೆಯಂಥ ಚೌಕಟ್ಟು, ಅದಕ್ಕೆ ಕಟ್ಟಿದ್ದು ಕೋಳಿ ಗೂಡಿಗೆ ಬಳಸುವ ತಂತಿ ಜಾಳಿಗೆ. ಅಹಮದಾಬಾದಿನ ಎಂಜಿನಿಯರುಗಳು ಖರ್ಚು ಇಳಿಸಲು ಮಾಡಿದ ಉಪಾಯ ಅದು. ಬೆಳಿಗ್ಗೆ ಶಾಲೆ ಮಕ್ಕಳ ಕಾರ್ಯಕ್ರಮ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ಹಾಡು, ಆಟ. ಚಿತ್ರ ಒಂದೇ, ಧ್ವನಿ ಎರಡು. ಅದೇ ಚಿತ್ರಕ್ಕೆ ಆಂಧ್ರದ ಹಳ್ಳಿಯಲ್ಲಿ ತೆಲುಗು ಕೇಳುತ್ತಿತ್ತು, ನಮ್ಮಲ್ಲಿ ಕನ್ನಡ. ಕತ್ತಲಾದ ಮೇಲೆ ಊರೆಲ್ಲ ನೆಲದ ಮೇಲೆ ಕೂತು ನೋಡುತ್ತಿತ್ತಂತೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಮಕ್ಕಳು ಟಿವಿಗೆ ಮೂಗು ಹತ್ತುವಷ್ಟು ಮುಂದೆ. ಯಾರೂ ಯಾರಿಗೂ ಒಂದು ಪೈಸೆ ಕೊಡಲಿಲ್ಲ.

ಒಂದು ವರ್ಷವಾದ ಮೇಲೆ ಉಪಗ್ರಹ ವಾಪಸ್ ಹೋಯಿತು. ಆದರೆ ಆ ಹಳ್ಳಿಗಳನ್ನು ಹಾಗೇ ಬಿಡಬಾರದು ಎಂದು 1977ರ ಸೆಪ್ಟೆಂಬರ್‌ನಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಕರ್ನಾಟಕದಲ್ಲಿ ಅದೇ ಮೊದಲನೆಯದು. ಬೆಂಗಳೂರಿನ ಕೇಂದ್ರ ಬಂದದ್ದು 1981ರಲ್ಲಿ. ಎಲ್ಲದರಲ್ಲೂ ಹಿಂದುಳಿದವರು ಎಂದು ಕೇಳಿ ಕೇಳಿ ಬೆಳೆದ ನನಗೆ ಇದು ಹೆಮ್ಮೆಯ ವಿಷಯ. ಉಚಿತ ಟಿವಿ ಎಂದರೆ ಬಡವರಿಗೆ ಎಸೆದ ತುಣುಕು ಅಂತ ಯಾರಾದರೂ ಅಂದರೆ ನಾನು ಈ ಕಥೆ ಹೇಳುತ್ತೇನೆ. ಸಾರ್ವಜನಿಕ ಟಿವಿ ನಮ್ಮ ತೆರಿಗೆಯಲ್ಲಿ ನಡೆಯುತ್ತದೆ. ಅದನ್ನು ನೋಡುವುದರಲ್ಲಿ ಸಂಕೋಚ ಯಾಕೆ?

ಕಾಕಾನ ಮನೆಗೆ ಹಾಕಿಸಿದ್ದು ಡಿಡಿ ಫ್ರೀ ಡಿಶ್, ಉಪಗ್ರಹದಿಂದ ನೇರ ಮನೆಗೆ ಬರುವ ಉಚಿತ ಟಿವಿ. ದೂರದರ್ಶನ ನಡೆಸುವ ಪ್ರಸಾರ ಭಾರತಿ ಇದನ್ನು 2004ರ ಡಿಸೆಂಬರ್‌ನಲ್ಲಿ ಶುರು ಮಾಡಿತು. ಛತ್ರಿ (ಡಿಶ್ ಆ್ಯಂಟೆನಾ) ಮತ್ತು ಬಾಕ್ಸ್‌ಗೆ ಒಂದು ಸಲ ಖರ್ಚು, ಫಿಟ್ಟಿಂಗ್ ಸೇರಿ ಎರಡು ಸಾವಿರದ ಒಳಗೇ ಆಯಿತು. ಆಮೇಲೆ ತಿಂಗಳ ಬಿಲ್ ಇಲ್ಲ, ರೀಚಾರ್ಜ್ ಇಲ್ಲ, ಕಾರ್ಡ್ ಇಲ್ಲ. ತೊಗರಿ ಮಾರಿದ ವಾರ ಹಾಕಿಸಿದರೆ ಮುಂದಿನ ರಾಶಿವರೆಗೂ ಆ ಕಡೆ ತಿರುಗಿ ನೋಡಬೇಕಿಲ್ಲ. ವರ್ಷಕ್ಕೊಮ್ಮೆ ರೊಕ್ಕ ನೋಡುವ ಮನೆಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ.

ಕೂರಿಸುವಾಗ ನಾನೂ ಮಾಳಿಗೆ ಮೇಲಿದ್ದೆ. ಫ್ರೀ ಡಿಶ್‌ನ ಸಿಗ್ನಲ್ ಕಳಿಸುವ ಜಿಸ್ಯಾಟ್-15 ಉಪಗ್ರಹ ಪೂರ್ವಕ್ಕೆ 93.5 ಡಿಗ್ರಿ ರೇಖಾಂಶದ ಮೇಲಿದೆ. ಕಲಬುರಗಿಯಿಂದ ನೋಡಿದರೆ ಸರಿಯಾಗಿ ಆಗ್ನೇಯ ದಿಕ್ಕು. ಹಾಗಾಗಿ ಆ ಕಡೆ ಬೇವಿನ ಮರವೋ ನೀರಿನ ಟ್ಯಾಂಕೋ ಅಡ್ಡ ಇರಬಾರದು. ಮೆಕ್ಯಾನಿಕ್ ಮೊದಲು ಕಂಬ ನೆಟ್ಟಗಿದೆಯೇ ನೋಡಿದ. ಆಮೇಲೆ ನಟ್ ಸಡಿಲ ಬಿಟ್ಟು ಛತ್ರಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದ. ಕೆಳಗಿನಿಂದ ಹುಡುಗ ಕೂಗುತ್ತಿದ್ದ: "ಬಂತು... ಹೋಯ್ತು... ನಲವತ್ತು ಅದ... ಅರವತ್ತು ಬಂತ್ರಿ!" ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ, ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ನೋಡಬೇಕಾದ್ದು ಕ್ವಾಲಿಟಿ. ಸ್ಟ್ರೆಂತ್ ಎಷ್ಟೇ ಇದ್ದರೂ ಕ್ವಾಲಿಟಿ ಇಲ್ಲದಿದ್ದರೆ ಚಿತ್ರ ಬರುವುದಿಲ್ಲ. ಅರವತ್ತಕ್ಕೆ ಸಮಾಧಾನವಾಗದೆ ಆತ ಇನ್ನೂ ಸ್ವಲ್ಪ ತಿರುವಿದ. ಮಳೆಗಾಲದಲ್ಲಿ ಹತ್ತಿಪ್ಪತ್ತು ಇಳಿಯುತ್ತದೆ, ಈಗಲೇ ಜಾಸ್ತಿ ಇರಲಿ ಅಂದ. ಒಳ್ಳೆಯ ಕೆಲಸಗಾರ.

ಫ್ರೀ ಡಿಶ್‌ನ ಇನ್ನೊಂದು ಲಾಭ ಕ್ರಿಕೆಟ್. ಇದರ ಹಿಂದೆ ಒಂದು ಕಾನೂನು ಇದೆ. 2007ರ ಕ್ರೀಡಾ ಪ್ರಸಾರ ಕಾಯ್ದೆಯ ಪ್ರಕಾರ, ದೇಶಕ್ಕೆ ಮಹತ್ವದ್ದು ಎಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲ್ ಅನ್ನು ಖಾಸಗಿಯವರು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಭಾರತ ಪುರುಷರ ತಂಡದ ಏಕದಿನ, ಟಿ-20 ಪಂದ್ಯಗಳು, ವಿಶ್ವಕಪ್ ಸೆಮಿಫೈನಲ್, ಫೈನಲ್ ಆ ಪಟ್ಟಿಯಲ್ಲಿವೆ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಹೀಗೆ ಹಂಚಿಕೊಂಡ ಪಂದ್ಯವನ್ನು ದೂರದರ್ಶನ ತನ್ನ ಭೂಮಟ್ಟದ (ಟಿವಿ ಟವರ್‌ನಿಂದ ಬರುವ) ಪ್ರಸಾರದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ತೋರಿಸಬಹುದು, ಖಾಸಗಿ ಕೇಬಲ್, ಡಿಟಿಎಚ್ ಮೂಲಕ ಅಲ್ಲ. ಹಾಗಾಗಿ ತಿಂಗಳಾ ಕೇಬಲ್ ಬಿಲ್ ಕಟ್ಟಿದ ಮನೆಯಲ್ಲಿ ದೂರದರ್ಶನದ ಚಾನೆಲ್ ಹಾಕಿದರೆ ಮ್ಯಾಚ್ ಬರುವುದಿಲ್ಲ, ಫ್ರೀ ಡಿಶ್ ಇರುವ ಮನೆಯಲ್ಲಿ ಬರುತ್ತದೆ. ಐಪಿಎಲ್ ಈ ಪಟ್ಟಿಯಲ್ಲಿಲ್ಲ. 2023ರಲ್ಲಿ ಅದನ್ನು ಜಿಯೋ ಸಿನಿಮಾದಲ್ಲಿ ಉಚಿತವಾಗಿ ಕೊಟ್ಟರು, ಎಲ್ಲರೂ ಅಭ್ಯಾಸ ಮಾಡಿಕೊಂಡರು, ಆಮೇಲೆ ಚಂದಾ ಬಂತು.

ಇಂಟರ್ನೆಟ್ ಇರುವವರಿಗೆ ದಾರಿ ಇನ್ನೂ ಅಗಲ. ಪ್ರಸಾರ ಭಾರತಿಯದೇ ವೇವ್ಸ್ ಆ್ಯಪ್ ಇದೆ. 2024ರ ನವೆಂಬರ್ 20ರಂದು ಗೋವಾ ಚಲನಚಿತ್ರೋತ್ಸವದಲ್ಲಿ ಅದನ್ನು ಬಿಡುಗಡೆ ಮಾಡಿದರು. ಲೈವ್ ಚಾನೆಲ್, ರೇಡಿಯೋ, ಹಳೆಯ ಧಾರಾವಾಹಿಗಳು ಅದರಲ್ಲಿವೆ. ಕೆಲವಕ್ಕೆ ದುಡ್ಡು ಕೇಳುತ್ತದೆ, ಬಹಳಷ್ಟು ಉಚಿತ. ಎಂಎಕ್ಸ್ ಪ್ಲೇಯರ್ ಅಮೆಜಾನ್ ಕೈಗೆ ಹೋದ ಮೇಲೂ ಜಾಹೀರಾತು ಹಾಕಿ ಉಚಿತವಾಗಿಯೇ ನಡೆಯುತ್ತಿದೆ. ಕೆಲವು ಕಂಪನಿಗಳ ಸ್ಮಾರ್ಟ್ ಟಿವಿಯೊಳಗೇ ಉಚಿತ ಚಾನೆಲ್‌ಗಳು ಇರುತ್ತವೆ, ಸ್ಯಾಮ್‌ಸಂಗ್‌ನಲ್ಲಿ ಟಿವಿ ಪ್ಲಸ್ ಅಂತ. ಅಮೆರಿಕದವರು ಟ್ಯೂಬಿ, ಪ್ಲೂಟೋ ಟಿವಿ ಎಂದು ಹೇಳುವುದನ್ನು ಓದಿ ಇಲ್ಲಿ ಹುಡುಕಬೇಡಿ, ಅವು ಅಲ್ಲಿಯವು.

ಆದರೆ ನಮ್ಮ ಮನೆಯಲ್ಲಿ ನಿಜವಾಗಿ ಓಡುವುದು ಯೂಟ್ಯೂಬ್. ಅಜ್ಜಿಗೆ ಚಂದನದ 'ಥಟ್ ಅಂತ ಹೇಳಿ' ಬೇಕು. 2002ರಿಂದ ನಡೆಯುತ್ತಿರುವ ಕಾರ್ಯಕ್ರಮ, ನಾ. ಸೋಮೇಶ್ವರ ಅವರ ಧ್ವನಿ ಕೇಳಿದರೆ ಸಾಕು, ಅಜ್ಜಿ ಅಡಿಗೆ ಮನೆಯಿಂದಲೇ ಉತ್ತರ ಕೂಗುತ್ತಾರೆ. ಹಳೆಯ ಕಂತುಗಳು ಚಂದನದ ಯೂಟ್ಯೂಬ್ ಚಾನೆಲ್‌ನಲ್ಲಿವೆ. ಸರಿಯಾದ ಉತ್ತರಕ್ಕೆ ಪುಸ್ತಕ ಬಹುಮಾನ ಕೊಡುವ ಆಟ ನೋಡುತ್ತಾ ಮಕ್ಕಳು ಬೆಳೆದರೆ ನನಗೆ ಬಹಳ ಸಂತೋಷ.

ಸಿನಿಮಾ ವಿಷಯಕ್ಕೆ ಬಂದಾಗ ಸ್ವಲ್ಪ ಕಣ್ಣು ಬಿಟ್ಟು ನೋಡಬೇಕು. ಹಕ್ಕು ಕೊಂಡ ಕಂಪನಿಗಳೇ ನೂರಾರು ಹಳೆಯ ಕನ್ನಡ ಚಿತ್ರಗಳನ್ನು ಪೂರ್ತಿ ಹಾಕಿವೆ. ಅವುಗಳ ಜೊತೆಗೇ ಕದ್ದವೂ ಇರುತ್ತವೆ. ಕದ್ದದ್ದನ್ನು ಗುರುತಿಸುವುದು ಕಷ್ಟವಲ್ಲ. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ, ಅಂಗಡಿ ಬೋರ್ಡಿನ ಅಕ್ಷರ ಉಲ್ಟಾ ಕಾಣುತ್ತದೆ. ದೊಡ್ಡ ಚೌಕಟ್ಟಿನ ನಡುವೆ ಸಣ್ಣದಾಗಿ ಸಿನಿಮಾ ಓಡುತ್ತಿರುತ್ತದೆ. ನಾಯಕನ ಧ್ವನಿ ತೆಳ್ಳಗಾಗಿರುತ್ತದೆ, ಮಾತಿನ ವೇಗ ಜಾಸ್ತಿ ಇರುತ್ತದೆ. ಕದ್ದದ್ದನ್ನು ಹಿಡಿಯುವ ಯೂಟ್ಯೂಬ್‌ನ ಯಂತ್ರಕ್ಕೆ ಸಿಗದಂತೆ ಇರಲಿ ಎಂದು ಮಾಡುವ ಕೆಲಸ ಇದು. ಅಸಲಿ ಚಾನೆಲ್‌ನಲ್ಲಿ ಕಂಪನಿಯ ಲಾಂಛನ ಇರುತ್ತದೆ, ಹಾಡು, ಟ್ರೇಲರ್ ಎಲ್ಲಾ ವರ್ಷಗಳಿಂದ ಅಲ್ಲೇ ಬಂದಿರುತ್ತವೆ, ಚಿತ್ರ ಸ್ವಚ್ಛ ಇರುತ್ತದೆ.

ಯಾವುದನ್ನು ನೋಡಿದರೇನು, ಎರಡೂ ಫುಕಟ್ ಅಲ್ವಾ ಎಂದು ಕಾಲೇಜು ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಸಲಿ ಚಾನೆಲ್‌ನಲ್ಲಿ ನಡುವೆ ಬರುವ ಜಾಹೀರಾತಿನ ಆದಾಯದಲ್ಲಿ 55% ಚಾನೆಲ್‌ನವರಿಗೆ ಹೋಗುತ್ತದೆ. ನಾವು ರೊಕ್ಕ ಕೊಡದಿದ್ದರೂ ಚಿತ್ರದ ಹಕ್ಕುದಾರರಿಗೆ ಏನೋ ಒಂದು ಸೇರುತ್ತದೆ. ಕದ್ದ ಕಾಪಿಯಲ್ಲಿ ಅದು ಕದ್ದವನಿಗೆ. ಟೆಲಿಗ್ರಾಂ ಗುಂಪುಗಳಲ್ಲಿ ಬಿಡುಗಡೆಯ ದಿನವೇ ಬರುವ ಚಿತ್ರಗಳಂತೂ ಇನ್ನೂ ಕೆಟ್ಟದ್ದು. ಅಂಥ ಲಿಂಕ್ ಒತ್ತಿ ಯಾವುದೋ ಫೈಲ್ ಇಳಿಸಿಕೊಂಡರೆ ಅದೇ ಫೋನಿನಲ್ಲಿ ನಮ್ಮ ಬ್ಯಾಂಕ್ ಆ್ಯಪ್ ಇರುತ್ತದೆ ಎಂಬುದನ್ನು ಮರೆಯಬಾರದು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಚಿತ್ರಮಂದಿರದಲ್ಲಿ ಕದ್ದು ರೆಕಾರ್ಡ್ ಮಾಡುವವರಿಗೆ, ಅದನ್ನು ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ದಂಡ ಎಂದು ಮಾಡಿದ್ದಾರೆ. ಆದರೆ ನಾನು ಹುಡುಗಿಗೆ ಜೈಲಿನ ಕಥೆ ಹೇಳಲಿಲ್ಲ. ಕನ್ನಡ ಸಿನಿಮಾದ ಮಾರುಕಟ್ಟೆ ಮೊದಲೇ ಚಿಕ್ಕದು, ಅಲ್ಲಿ ಲೈಟ್ ಹಿಡಿಯುವವರು, ಮೇಕಪ್ ಮಾಡುವವರು ನಮ್ಮಂಥ ಮನೆಗಳ ಮಕ್ಕಳೇ ಎಂದು ಹೇಳಿದೆ. ಅವಳು ಗುಂಪಿನಿಂದ ಹೊರಬಂದಳು.

ಬಹಳ ಹಳೆಯ ಚಿತ್ರಗಳ ಲೆಕ್ಕ ಬೇರೆ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' ಬಂದದ್ದು 1954ರಲ್ಲಿ. ಅದರ ಹಕ್ಕಿನ ಅವಧಿ 2014ಕ್ಕೇ ಮುಗಿದಿದೆ. 1964ರವರೆಗಿನ ಚಿತ್ರಗಳೆಲ್ಲ ಈಗ ಈ ಸಾಲಿನಲ್ಲಿವೆ. ಹಾಡಿನ ಸಾಹಿತ್ಯಕ್ಕೆ ಬೇರೆ ನಿಯಮ, ಅದು ಬರೆದವರ ಆಯುಷ್ಯದ ಮೇಲೆ ನಿಂತಿದೆ.

ಡೇಟಾ ಖರ್ಚು ಹೇಳದಿದ್ದರೆ ಈ ಲೆಕ್ಕ ಅರ್ಧವಾಗುತ್ತದೆ. 480ರ ಗುಣಮಟ್ಟದಲ್ಲಿ ಒಂದು ತಾಸಿಗೆ ಸುಮಾರು ಅರ್ಧ ಜಿಬಿ ಖರ್ಚು. ಎಚ್‌ಡಿಯಲ್ಲಿ ಅದರ ಎರಡು ಮೂರು ಪಟ್ಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದರೆ ಸಂಜೆ ಒಂದು ಸಿನಿಮಾ ಆರಾಮಾಗಿ ನೋಡಬಹುದು, ಆದರೆ ಆಟೋ ಅಂತ ಇರುವ ಸೆಟ್ಟಿಂಗನ್ನು ಕೈಯಾರೆ 480ಕ್ಕೆ ಇಳಿಸಬೇಕು. ಕಾಕಾನ ಊರಲ್ಲಿ ಟವರ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ಅದಕ್ಕೇ ಅಲ್ಲಿ ಛತ್ರಿಯೇ ಸರಿ.

ಎಲ್ಲವನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ಒಂದೊಂದು ಸಲ ಒಂದು ಒಳ್ಳೆಯ ಕನ್ನಡ ಚಿತ್ರ ಯಾವುದೋ ಒಂದು ಆ್ಯಪ್‌ನಲ್ಲಿ ಮಾತ್ರ ಇರುತ್ತದೆ. ಆಗ ಒಂದು ತಿಂಗಳಿಗೆ ದುಡ್ಡು ಕಟ್ಟುತ್ತೇವೆ, ಕಟ್ಟಿದ ದಿನವೇ ಆಟೋಪೇ ತೆಗೆಯುತ್ತೇವೆ, ಆ ತಿಂಗಳಲ್ಲಿ ನೋಡಬೇಕಾದ್ದೆಲ್ಲ ನೋಡುತ್ತೇವೆ. ದುಡ್ಡು ಕಟ್ಟಿದರೆ ಜಾಹೀರಾತು ಇಲ್ಲ ಎಂಬ ಮಾತೂ ಈಗ ಉಳಿದಿಲ್ಲ. ಪ್ರೈಮ್ ವಿಡಿಯೋ 2025ರ ಜೂನ್‌ನಿಂದ ಚಂದಾದಾರರಿಗೂ ಜಾಹೀರಾತು ತೋರಿಸುತ್ತಿದೆ, ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ.

ಮಕ್ಕಳ ಪಾಠದ ಚಾನೆಲ್‌ಗಳನ್ನು ಮರೆಯಬೇಡಿ. ಸ್ವಯಂ ಪ್ರಭಾ, ಪಿಎಂ ಇ-ವಿದ್ಯಾ ಎರಡೂ ಫ್ರೀ ಡಿಶ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಟ್ಯೂಷನ್‌ಗೆ ಕಳಿಸಲಾಗದ ಮನೆಗಳಿಗೆ ನಾನು ಇದನ್ನೇ ಹೇಳುವುದು.

ಕೊರತೆ ಇಲ್ಲವೆಂದಲ್ಲ, ದೊಡ್ಡ ಕೊರತೆಯೇ ಇದೆ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ. ಹಿಂದಿ ಚಾನೆಲ್‌ಗಳಿಗೆ ಜಾಹೀರಾತು ಜಾಸ್ತಿ, ಅವರು ಜಾಸ್ತಿ ಕೂಗುತ್ತಾರೆ, ಜಾಗ ಅವರಿಗೇ ಹೋಗುತ್ತದೆ. ರಿಮೋಟ್ ಒತ್ತುತ್ತಾ ಹೋದರೆ ಹಿಂದಿ ಸಿನಿಮಾ, ಹಿಂದಿ ಧಾರಾವಾಹಿ, ಭೋಜ್‌ಪುರಿ ಹಾಡು. ಕನ್ನಡಕ್ಕೆ ಚಂದನವೇ ಆಧಾರ. ಕಾಕುಗೆ ತಮ್ಮ ಧಾರಾವಾಹಿ ಸಿಗದೆ ಬೇಸರ ಇದ್ದೇ ಇದೆ. ಹರಾಜಿನ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕು ಕೋಟಿಗೂ ಹೆಚ್ಚು ಮನೆಗಳಿಗೆ ಮುಟ್ಟುವ ಸಾರ್ವಜನಿಕ ಸೇವೆಯಲ್ಲಿ ಪ್ರತಿ ಭಾಷೆಗೂ ಇಷ್ಟು ಜಾಗ ಎಂದು ತೆಗೆದಿಡುವುದು ಆಗದ ಕೆಲಸವಲ್ಲ.

2025ರ ರಾಜ್ಯ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ, ಅಂದರೆ ಇಂಟರ್ನೆಟ್‌ನಲ್ಲಿ ಸಿನಿಮಾ ತೋರಿಸುವ ಆ್ಯಪ್, ಮಾಡುವ ಘೋಷಣೆ ಆಯಿತು. ನನಗೆ ಅದರ ಮೇಲೆ ಆಸೆ ಇದೆ. ಮಾಡುವಾಗ ಎರಡು ವಿಷಯ ನೋಡಲಿ. ಸಣ್ಣ ಫೋನಿನಲ್ಲಿ, ಸಣ್ಣ ಡೇಟಾದಲ್ಲಿ ಅದು ಓಡಬೇಕು. ಮತ್ತು ಚಂದಾ ಇಟ್ಟರೆ ತಿಂಗಳಿಗೊಮ್ಮೆ ಮಾತ್ರವಲ್ಲ, ಸುಗ್ಗಿಗೊಮ್ಮೆ ಕಟ್ಟುವ ದಾರಿಯೂ ಇರಬೇಕು. ಪ್ರಸಾರ ಭಾರತಿಯನ್ನು ಕೇಳಬೇಕಾದ್ದು ಇನ್ನೊಂದಿದೆ. 1975ರಲ್ಲಿ ನಮ್ಮ ಹಳ್ಳಿಗಳಿಗೆಂದೇ ತಯಾರಿಸಿದ ಕನ್ನಡ ಕಾರ್ಯಕ್ರಮಗಳು, 1977ರ ನಂತರ ಗುಲ್ಬರ್ಗ ಕೇಂದ್ರ ಮಾಡಿದ ರೈತರ ಮಾತುಕತೆ, ಜನಪದ ಹಾಡು, ಬಯಲಾಟ, ಇವುಗಳ ಟೇಪು ಎಷ್ಟು ಉಳಿದಿದ್ದರೂ ಅಷ್ಟನ್ನು ವೇವ್ಸ್‌ಗೆ, ಯೂಟ್ಯೂಬಿಗೆ ಹಾಕಲಿ. ಸೋದರಮಾವನ ವಯಸ್ಸಿನವರು ಇನ್ನೂ ಇದ್ದಾರೆ. ಅದರಲ್ಲಿ ಕಾಣುವ ಮುಖ ಯಾರದು, ಊರು ಯಾವುದು ಎಂದು ಹೇಳಬಲ್ಲವರು ಅವರೇ. ಈ ಕೆಲಸ ಈಗಲೇ ಆಗಬೇಕು.